‘ಅಂತೆ’ಯಿಂದ ಸುದ್ದಿಗೆ: ಪತ್ರಕರ್ತರ ಸಾಮಾಜಿಕ ಜಾಲತಾಣ ಬಳಕೆಯ ಜಾನಪದೀಯ ವಿವೇಚನೆ

ಪೀಠಿಕೆ

ಸುದ್ದಿ ಮತ್ತು ವದಂತಿ ಎಂಬ ಎರಡು ಪದಗಳನ್ನು ಪತ್ರಿಕೋದ್ಯಮದ ಪಠ್ಯಗಳು ಸಾಮಾನ್ಯವಾಗಿ ಪರಸ್ಪರ ವಿರುದ್ಧಾರ್ಥದಲ್ಲಿ ಬಳಸುತ್ತವೆ. ಪರಿಶೀಲನೆಗೆ ಒಳಪಟ್ಟದ್ದು ಸುದ್ದಿ, ಒಳಪಡದೆ ಬಾಯಿಂದ ಬಾಯಿಗೆ ಹರಡುವಂಥದು ವದಂತಿ ಎಂಬುದು ಅಲ್ಲಿನ ವಿಭಜನೆ. ಜಾನಪದ ಅಧ್ಯಯನದ ದೃಷ್ಟಿಯಲ್ಲಿ ಈ ಗಡಿ ಅಷ್ಟು ಸ್ಪಷ್ಟವಾದುದಲ್ಲ. ೧೮೪೩ರಲ್ಲಿ ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ‘ಮಂಗಳೂರು ಸಮಾಚಾರ’ ಹೊರಬರುವುದಕ್ಕೆ ಮುನ್ನ ಕನ್ನಡ ನಾಡಿನಲ್ಲಿ ಸುದ್ದಿಯೇ ಇರಲಿಲ್ಲವೆಂದು ಯಾರೂ ಹೇಳಲಾರರು. ಸಂತೆ, ಜಾತ್ರೆ, ಅರಳಿಕಟ್ಟೆಗಳು ಸುದ್ದಿಯ ಸ್ಥಾನಗಳಾಗಿದ್ದವು; ಡಂಗುರ ಸಾರುವವನು, ಒಕ್ಕಲುಗಳ ವಂಶಾವಳಿಯನ್ನು ಹೇಳುತ್ತ ಊರೂರು ತಿರುಗುವ ಹೆಳವ, ನಸುಕಿನಲ್ಲಿ ಶಕುನ ನುಡಿಯುವ ಬುಡಬುಡಿಕೆಯವನು ಸುದ್ದಿಯ ವಾಹಕರಾಗಿದ್ದರು. ಮುದ್ರಿತ ಪತ್ರಿಕೆ ತಂದ ಬದಲಾವಣೆ ಸುದ್ದಿಯನ್ನು ಹುಟ್ಟಿಸಿದ್ದರಲ್ಲಿ ಇಲ್ಲ. ಹಾಗೆ ಹರಿದಾಡುತ್ತಿದ್ದ ಮಾತಿಗೆ ಹೊಣೆ ಹೊರುವ ಒಂದು ಹೆಸರನ್ನು ಕೂಡಿಸಿದ್ದರಲ್ಲಿ ಅದರ ಮಹತ್ವವಿದೆ. ಮುದ್ರಕ, ಪ್ರಕಾಶಕರ ಹೆಸರು ಪತ್ರಿಕೆಯ ಮೇಲೆ ಇರಲೇಬೇಕೆಂದು ೧೮೬೭ರ ಪತ್ರಿಕಾ ಕಾಯ್ದೆ ವಿಧಿಸಿತು. ಆ ಕಾಯ್ದೆಯ ಸ್ಥಾನದಲ್ಲಿ ೨೦೨೩ರ ಹೊಸ ಕಾಯ್ದೆ ೨೦೨೪ರ ಮಾರ್ಚ್‌ನಿಂದ ಜಾರಿಗೆ ಬಂದಿದೆ. ಕೊನೆಯ ಪುಟದ ಅಡಿಯಲ್ಲಿ ಯಾರೂ ಓದದ ಆ ಸಣ್ಣಕ್ಷರದ ಸಾಲು ಮೌಖಿಕ ವಾರ್ತೆಯಿಂದ ಪತ್ರಿಕಾ ವಾರ್ತೆಯನ್ನು ಬೇರ್ಪಡಿಸಿದ ಗೆರೆಯೂ ಹೌದು.

ಸಾಮಾಜಿಕ ಜಾಲತಾಣಗಳು ಈ ಗೆರೆಯನ್ನು ಮಸುಕುಗೊಳಿಸಿವೆ. ವರದಿಗಾರನ ದಿನ ಇಂದು ವಾಟ್ಸ್‌ಆ್ಯಪ್ ಗುಂಪುಗಳಿಂದ ಆರಂಭವಾಗುತ್ತದೆ. ಪೊಲೀಸ್ ಪ್ರಕಟಣೆ, ರಾಜಕೀಯ ಪಕ್ಷದ ಹೇಳಿಕೆ, ಅಪಘಾತದ ದೃಶ್ಯ, ಯಾರೋ ತೆಗೆದ ವಿಡಿಯೊ ಎಲ್ಲವೂ ಒಂದೇ ಕೈಫೋನಿನ ಒಂದೇ ಪರದೆಯ ಮೇಲೆ ಒಂದೇ ರೂಪದಲ್ಲಿ ಬಂದಿಳಿಯುತ್ತವೆ. ಹೊಣೆಗಾರಿಕೆಯಿರುವ ಮಾತಿಗೂ ಇಲ್ಲದ ಮಾತಿಗೂ ಅಲ್ಲಿ ಹೊರನೋಟದ ವ್ಯತ್ಯಾಸವಿಲ್ಲ. ಪತ್ರಕರ್ತರು ಈ ಮೌಖಿಕಸದೃಶ ಸಾಮಗ್ರಿಯನ್ನು ಹೇಗೆ ಬಳಸುತ್ತಿದ್ದಾರೆ, ಆ ಬಳಕೆಯಲ್ಲಿ ಏನು ಕಳೆದುಹೋಗುತ್ತಿದೆ, ಜಾನಪದ ಸಂಶೋಧನೆಯ ವಿಧಾನಗಳು ಅಲ್ಲಿ ಯಾವ ಬೆಳಕು ಚೆಲ್ಲಬಲ್ಲವು ಎಂಬುದರ ವಿವೇಚನೆ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

‘ಅಂತೆ’ ಎಂಬ ಪ್ರತ್ಯಯ

ಈ ವಿವೇಚನೆಗೆ ಕನ್ನಡವೇ ಒಂದು ಉಪಕರಣವನ್ನು ಒದಗಿಸಿದೆ. ಕೇಳಿ ತಿಳಿದದ್ದನ್ನು ಕಂಡು ತಿಳಿದದ್ದರಿಂದ ಬೇರ್ಪಡಿಸಲು ಕನ್ನಡಿಗರು ವಾಕ್ಯದ ಕೊನೆಯಲ್ಲಿ ‘ಅಂತೆ’ ಎಂಬುದನ್ನು ಸೇರಿಸುತ್ತಾರೆ. ‘ಮಳೆ ಬಂತು’ ಎಂಬುದಕ್ಕೂ ‘ಮಳೆ ಬಂತಂತೆ’ ಎಂಬುದಕ್ಕೂ ಇರುವ ಅಂತರ ಮಗುವಿಗೂ ಗೊತ್ತು. ಮೊದಲನೆಯದಕ್ಕೆ ಹೇಳುವವನೇ ಸಾಕ್ಷಿ; ಎರಡನೆಯದರಲ್ಲಿ ಅವನು ಸಾಕ್ಷಿಯಲ್ಲ, ವಾಹಕ ಮಾತ್ರ. ಜನಪದ ಕಥೆಗಾರ್ತಿ ‘ಒಂದೂರಲ್ಲಿ ಒಬ್ಬ ರಾಜ ಇದ್ನಂತೆ’ ಎಂದು ಕಥೆಯನ್ನು ತೆಗೆಯುವಾಗ ಆ ಒಂದು ಪ್ರತ್ಯಯದ ಮೂಲಕ ಕೇಳುಗರೊಡನೆ ಒಪ್ಪಂದ ಮಾಡಿಕೊಳ್ಳುತ್ತಾಳೆ. ಇದು ತಾನು ಕಂಡದ್ದಲ್ಲ, ತನಗೆ ಹಿಂದಿನವರು ಹೇಳಿದ್ದು ಎಂಬ ಪ್ರಾಮಾಣಿಕತೆ ಆ ಒಪ್ಪಂದದಲ್ಲಿದೆ. ‘ಅಂತೆ ಕಂತೆಗಳ ಸಂತೆ’ ಎಂಬ ಲೇವಡಿ ಮಾತು ಹುಟ್ಟಿದ್ದೂ ಈ ಅರಿವಿನಿಂದಲೇ. ಗಾಳಿಸುದ್ದಿ, ಗುಲ್ಲು, ಪುಕಾರು, ಕಾಗೆ ಹಾರಿಸುವುದು ಎಂಬ ನುಡಿಗಳು ಒಂದೊಂದೂ ವದಂತಿಯ ಒಂದೊಂದು ಬಗೆಯನ್ನು ಗುರುತಿಸುತ್ತವೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯಂತೂ ದೃಶ್ಯಸಾಕ್ಷ್ಯವನ್ನೂ ಸಂಶಯಕ್ಕೆ ಒಡ್ಡುತ್ತದೆ. ವಿಡಿಯೊಗಳ ಕಾಲಕ್ಕೆ ಇದಕ್ಕಿಂತ ಹೊಂದುವ ಸೂತ್ರ ಸಿಗುವುದು ಕಷ್ಟ.

ಪಾಶ್ಚಾತ್ಯ ವಿದ್ವಾಂಸರು ವದಂತಿಯನ್ನು ಕುರಿತು ನಡೆಸಿರುವ ಅಧ್ಯಯನಗಳಲ್ಲಿ ಗೋರ್ಡನ್ ಆಲ್‌ಪೋರ್ಟ್ ಮತ್ತು ಲಿಯೋ ಪೋಸ್ಟ್‌ಮನ್ ಅವರ ೧೯೪೭ರ ಗ್ರಂಥ ಪ್ರಸಿದ್ಧವಾದುದು. ವಿಷಯದ ಮಹತ್ವ ಹಾಗೂ ಅದರ ಅಸ್ಪಷ್ಟತೆ ಎರಡೂ ಇದ್ದಾಗ ವದಂತಿ ಬೆಳೆಯುತ್ತದೆ, ಎರಡರಲ್ಲಿ ಒಂದು ಶೂನ್ಯವಾದರೂ ಅದು ಅಡಗುತ್ತದೆ ಎಂಬುದು ಅವರ ಸೂತ್ರ. ಹರಡುವಾಗ ವಿವರಗಳು ಸವೆಯುತ್ತವೆ, ಉಳಿದ ಕೆಲವು ಮೊನಚಾಗುತ್ತವೆ, ಕೊನೆಗೆ ಇಡೀ ಮಾತು ಕೇಳುಗರ ಪೂರ್ವಗ್ರಹಕ್ಕೆ ಒಗ್ಗಿಕೊಳ್ಳುತ್ತದೆ ಎಂದೂ ಅವರು ತೋರಿಸಿದರು. ಇದಕ್ಕೂ ಮುನ್ನ ೧೯೩೪ರ ಜನವರಿಯ ಬಿಹಾರ ಭೂಕಂಪದ ನಂತರ ಹಬ್ಬಿದ ವದಂತಿಗಳನ್ನು ಸಂಗ್ರಹಿಸಿ ಜಮುನಾ ಪ್ರಸಾದ್ ೧೯೩೫ರಲ್ಲಿ ಪ್ರಕಟಿಸಿದ ಅಧ್ಯಯನ ಭಾರತೀಯ ನೆಲದ್ದೆಂಬುದು ಗಮನಾರ್ಹ. ತಮೊತ್ಸು ಶಿಬುತಾನಿ ಎಂಬ ಸಮಾಜಶಾಸ್ತ್ರಜ್ಞರು ೧೯೬೬ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವದಂತಿಯನ್ನು ರೋಗವೆಂದು ಕಾಣುವುದು ತಪ್ಪು, ಅಧಿಕೃತ ಸುದ್ದಿ ಸಾಲದೇ ಹೋದಾಗ ಜನರು ಕೂಡಿ ಕಟ್ಟಿಕೊಳ್ಳುವ ತಾತ್ಕಾಲಿಕ ಸುದ್ದಿಯೇ ಅದು ಎಂದು ವಾದಿಸಿದರು. ವದಂತಿ ಹಬ್ಬಿದ ಕಡೆ ಪತ್ರಕರ್ತನ ಕೆಲಸದಲ್ಲಿ ಏನೋ ಒಂದು ಕೊರತೆಯಿದೆ ಎಂಬ ಸೂಚನೆ ಈ ಮಾತಿನಲ್ಲಿ ಅಡಗಿದೆ.

ಜಾಲತಾಣಗಳಿಗೆ ಮೊದಲೂ ವದಂತಿ ವೇಗವಾಗಿಯೇ ಓಡುತ್ತಿತ್ತು. ೧೯೯೫ರ ಸೆಪ್ಟೆಂಬರ್ ೨೧ರಂದು ಗಣೇಶನ ಮೂರ್ತಿ ಹಾಲು ಕುಡಿಯುತ್ತಿದೆ ಎಂಬ ಮಾತು ದೂರವಾಣಿಯ ಮೂಲಕವೇ ಒಂದೇ ದಿನದಲ್ಲಿ ದೇಶದ ಗಡಿಯನ್ನು ದಾಟಿತ್ತು. ೧೯೯೦ರ ದಶಕದಲ್ಲಿ ಬೆಂಗಳೂರಿನ ಹಾಗೂ ಸುತ್ತಲಿನ ಊರುಗಳ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಬರಹ ಮೂಡಿದ್ದು ರಾತ್ರಿ ಬಂದು ಹೆಸರು ಹಿಡಿದು ಕೂಗುವ ದೆವ್ವದ ಐತಿಹ್ಯದಿಂದ. ಆದ್ದರಿಂದ ಜಾಲತಾಣ ವದಂತಿಯನ್ನು ಸೃಷ್ಟಿಸಿತೆನ್ನುವುದು ಸರಿಯಲ್ಲ. ಅದು ಮಾಡಿದ ಬದಲಾವಣೆ ಬೇರೆ. ಬಾಯಿಮಾತಿನಲ್ಲಿ ಪ್ರತಿ ವಾಹಕನೂ ತಾನಾಗಿ ಸೇರಿಸುತ್ತಿದ್ದ ‘ಅಂತೆ’ ಬೆರಳೊತ್ತಿನ ರವಾನೆಯಲ್ಲಿ ಬಿದ್ದುಹೋಯಿತು. ಇನ್ನೊಬ್ಬರ ಮಾತು ಅಕ್ಷರಶಃ ಅದೇ ರೂಪದಲ್ಲಿ, ಕಳುಹಿಸಿದವನ ಮಾತೇ ಎಂಬಂತೆ ಮುಂದೆ ಸಾಗಿತು.

ಸುಳಿವು ಮತ್ತು ಸಾಕ್ಷ್ಯ

ಪತ್ರಕರ್ತರು ಜಾಲತಾಣಗಳಿಂದ ಪಡೆದ ಪ್ರಯೋಜನವನ್ನು ಅಲ್ಲಗಳೆಯುವಂತಿಲ್ಲ. ೨೦೦೮ರ ನವೆಂಬರ್‌ನ ಮುಂಬೈ ದಾಳಿಯ ಹೊತ್ತಿನಲ್ಲಿ ನಗರದ ನಿವಾಸಿಗಳು ಟ್ವಿಟರ್ ಮತ್ತು ಫ್ಲಿಕರ್‌ನಲ್ಲಿ ಹಾಕಿದ ಮಾಹಿತಿ, ಛಾಯಾಚಿತ್ರಗಳನ್ನು ಜಗತ್ತಿನ ಮಾಧ್ಯಮಗಳು ಬಳಸಿಕೊಂಡವು. ೨೦೦೯ರ ಜನವರಿ ೧೫ರಂದು ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ವಿಮಾನ ಇಳಿದಾಗ ದೋಣಿಯ ಪ್ರಯಾಣಿಕನೊಬ್ಬ ಕೈಫೋನಿನಲ್ಲಿ ತೆಗೆದು ಟ್ವಿಟರ್‌ಗೆ ಏರಿಸಿದ ಚಿತ್ರ ವೃತ್ತಿನಿರತ ಛಾಯಾಗ್ರಾಹಕರಿಗಿಂತ ಮೊದಲೇ ಲೋಕಕ್ಕೆ ತಲುಪಿತು. ೨೦೧೫ರ ಡಿಸೆಂಬರ್‌ನ ಚೆನ್ನೈ ಪ್ರವಾಹದಲ್ಲಿ ಯಾವ ಬೀದಿಯಲ್ಲಿ ಯಾರು ಸಿಲುಕಿದ್ದಾರೆ, ಎಲ್ಲಿ ಊಟ ವಸತಿ ದೊರೆಯುತ್ತದೆ ಎಂಬ ಮಾಹಿತಿ ಜಾಲತಾಣಗಳ ಮೂಲಕವೇ ಹರಿಯಿತು. ಈ ಮೂರೂ ಪ್ರಸಂಗಗಳಲ್ಲಿ ಒಂದು ಸಾಮ್ಯವಿದೆ. ಹೇಳಿದವನು ಸ್ಥಳದಲ್ಲಿದ್ದ, ಕಂಡದ್ದನ್ನು ಹೇಳಿದ. ಅಂದರೆ ಅಲ್ಲಿ ‘ಅಂತೆ’ಗೆ ಎಡೆಯಿರಲಿಲ್ಲ.

ಹೇಳಿದವನು ಸ್ಥಳದಲ್ಲಿದ್ದನೇ ಎಂಬ ಪ್ರಶ್ನೆಯನ್ನು ಕೇಳದೆ ಬಿಟ್ಟಾಗ ಏನಾಗುತ್ತದೆಂಬುದಕ್ಕೆ ೨೦೧೧ರ ಸಿರಿಯಾದ ಪ್ರಸಂಗ ನಿದರ್ಶನ. ದಮಾಸ್ಕಸ್‌ನಿಂದ ಬರೆಯುತ್ತಿರುವ ಯುವತಿಯೆಂದು ಹೇಳಿಕೊಂಡ ವ್ಯಕ್ತಿಯೊಬ್ಬರ ಜಾಲ ಬರಹಗಳನ್ನು ಪಾಶ್ಚಾತ್ಯ ಪತ್ರಿಕೆಗಳು ಕ್ರಾಂತಿಯ ಧ್ವನಿಯೆಂದು ಉಲ್ಲೇಖಿಸಿದವು. ಇ-ಮೇಲ್ ಮೂಲಕ ಸಂದರ್ಶಿಸಿದವು. ಆಕೆಯ ಅಪಹರಣವಾಗಿದೆಯೆಂಬ ಸುದ್ದಿ ಬಂದ ಮೇಲಷ್ಟೇ ಆಕೆಯನ್ನು ಮುಖತಃ ಕಂಡವರು ಯಾರೂ ಇಲ್ಲವೆಂಬುದು ಹೊರಬಿತ್ತು. ಬರೆಯುತ್ತಿದ್ದವನು ಸ್ಕಾಟ್ಲೆಂಡಿನಲ್ಲಿ ಓದುತ್ತಿದ್ದ ಅಮೆರಿಕದ ಪುರುಷ. ಆಕೆಯದೆಂದು ತೋರಿಸಿದ್ದ ಚಿತ್ರಗಳು ಲಂಡನ್ನಿನ ಬೇರೊಬ್ಬ ಮಹಿಳೆಯವು. ಜಾನಪದ ಸಂಗ್ರಾಹಕರ ಪರಿಭಾಷೆಯಲ್ಲಿ ಹೇಳುವುದಾದರೆ ಪಾಠವಿತ್ತು, ವಕ್ತೃವೇ ಇರಲಿಲ್ಲ.

ಅಧಿಕೃತ ಮುದ್ರೆಯಿದ್ದ ಮಾತ್ರಕ್ಕೆ ಮಾತು ಪ್ರಮಾಣವಾಗುವುದಿಲ್ಲವೆಂಬುದೂ ಅನುಭವಸಿದ್ಧ. ೨೦೧೩ರ ಏಪ್ರಿಲ್ ೨೩ರಂದು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಟ್ವಿಟರ್ ಖಾತೆಗೆ ಕನ್ನ ಹಾಕಿದವರು ಶ್ವೇತಭವನದಲ್ಲಿ ಸ್ಫೋಟವಾಗಿದೆ, ಅಧ್ಯಕ್ಷರಿಗೆ ಗಾಯವಾಗಿದೆ ಎಂದು ಬರೆದಾಗ ಅಮೆರಿಕದ ಷೇರುಪೇಟೆ ಕೆಲವೇ ನಿಮಿಷಗಳಲ್ಲಿ ಕುಸಿದು ಚೇತರಿಸಿಕೊಂಡಿತು. ಭಾರತ ಸರ್ಕಾರದ ವಾರ್ತಾ ಸಂಸ್ಥೆಯಾದ ಪಿಐಬಿ ೨೦೧೫ರ ಚೆನ್ನೈ ಪ್ರವಾಹದ ವೈಮಾನಿಕ ಸಮೀಕ್ಷೆಯದೆಂದು ಹಾಕಿದ ಚಿತ್ರ ತಿದ್ದಿ ಜೋಡಿಸಿದ್ದೆಂದು ತಿಳಿದು, ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಟ್ವಿಟರ್‌ನಲ್ಲಿ ೨೦೦೯ರಲ್ಲಿ ಆರಂಭವಾದ ನೀಲಿ ಗುರುತು ಬಹುಕಾಲ ಪತ್ರಕರ್ತರ ಪಾಲಿಗೆ ಪರಿಶೀಲನೆಯ ಬದಲಿಯಂತಿತ್ತು. ೨೦೨೩ರ ಏಪ್ರಿಲ್‌ನಲ್ಲಿ ಹಳೆಯ ನೀಲಿ ಗುರುತುಗಳನ್ನು ತೆಗೆದುಹಾಕಲಾಯಿತು. ಈಗ ‘ಎಕ್ಸ್’ ಎಂಬ ಹೆಸರಿನ ಆ ತಾಣದಲ್ಲಿ ಹಣ ಕೊಟ್ಟವರಿಗೂ ಗುರುತು ದೊರೆಯುತ್ತದೆ. ಹೊರಗಿನ ಮುದ್ರೆಯನ್ನು ನೆಚ್ಚಿ ಪರಿಶೀಲನೆಯನ್ನು ಬಿಟ್ಟವರಿಗೆ ಇದೊಂದು ಪಾಠ.

ಕನ್ನಡಿಗರಿಗೂ ನೆನಪಿರುವ ಇನ್ನೊಂದು ನಿದರ್ಶನ ಎರಡು ಸಾವಿರ ರೂಪಾಯಿ ನೋಟಿನದು. ೨೦೧೬ರ ನವೆಂಬರ್ ೮ರ ನೋಟು ರದ್ದತಿಯ ಬೆನ್ನಿಗೆ, ಹೊಸ ನೋಟಿನಲ್ಲಿ ಉಪಗ್ರಹಕ್ಕೆ ಸಂಕೇತ ಕೊಡುವ ಚಿಪ್ ಇದೆಯೆಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಡಿತು. ಕೆಲವು ರಾಷ್ಟ್ರೀಯ ಸುದ್ದಿವಾಹಿನಿಗಳು ಅದನ್ನು ಗ್ರಾಫಿಕ್ಸ್ ಸಮೇತ ವಿವರಿಸಿದವು. ನೆಲದಡಿ ಹೂತಿಟ್ಟರೂ ಕಪ್ಪುಹಣ ಸಿಕ್ಕಿಬೀಳುತ್ತದೆ ಎಂಬುದು ಅದರ ತಿರುಳು. ನಿಧಿ ಕಾಯುವ ಸರ್ಪದ, ಅಂಜನ ಹಾಕಿ ನೆಲದೊಳಗಿನ ಹೊನ್ನನ್ನು ಕಾಣುವ ಮಂತ್ರವಾದಿಯ ಐತಿಹ್ಯಗಳನ್ನು ಬಲ್ಲವರಿಗೆ ಈ ಚಿಪ್ ಅಪರಿಚಿತವಲ್ಲ. ಹಳೆಯ ಆಶಯ ಹೊಸ ವಿಜ್ಞಾನದ ವೇಷ ತೊಟ್ಟು ಬಂದಿತ್ತು. ಅಂಥ ಚಿಪ್ ಇಲ್ಲವೆಂಬ ಅಧಿಕೃತ ನಿರಾಕರಣೆ ದೊರಕದ ವಸ್ತುವೇನೂ ಆಗಿರಲಿಲ್ಲ; ಕೇಳುವ ವ್ಯವಧಾನ ಇರಲಿಲ್ಲವಷ್ಟೆ. ೨೦೨೩ರ ಮೇ ತಿಂಗಳಲ್ಲಿ ಆ ನೋಟನ್ನು ಚಲಾವಣೆಯಿಂದ ಹಿಂಪಡೆಯುವ ಪ್ರಕಟಣೆ ಬಂದಾಗಲೂ ಚಿಪ್ಪಿನ ಕಥೆ ನಗೆಯ ರೂಪದಲ್ಲಿ ಮರಳಿ ಬಂತು.

ಬೆಂಗಳೂರು, ೨೦೧೨

ವದಂತಿಯ ಬೆಲೆ ನಗೆಯಲ್ಲಿ ಮುಗಿಯದ ಸಂದರ್ಭಗಳೂ ಇವೆ. ೨೦೧೨ರ ಜುಲೈನಲ್ಲಿ ಅಸ್ಸಾಮಿನ ಬೋಡೊ ಪ್ರದೇಶದಲ್ಲಿ ಗಲಭೆಗಳಾದವು. ಅದರ ಪ್ರತೀಕಾರವಾಗಿ ರಂಜಾನ್ ಮುಗಿಯುವ ಹೊತ್ತಿಗೆ ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ನಡೆಯುತ್ತದೆ ಎಂಬ ಮಾತು ಎಸ್‌ಎಂಎಸ್, ಎಂಎಂಎಸ್ ಹಾಗೂ ಜಾಲತಾಣಗಳ ಮೂಲಕ ಬೆಂಗಳೂರಿನಲ್ಲಿ ಹಬ್ಬಿತು. ಆಗಸ್ಟ್ ೧೫ರಿಂದ ಸಾವಿರಾರು ಯುವಕ ಯುವತಿಯರು ನಗರದ ರೈಲು ನಿಲ್ದಾಣದಲ್ಲಿ ಸೇರಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಆಗಸ್ಟ್ ೧೭ರಂದು ಕೇಂದ್ರ ಸರ್ಕಾರ ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳುಹಿಸದಂತೆ ಹದಿನೈದು ದಿನಗಳ ನಿರ್ಬಂಧ ಹೇರಿತು. ನೂರಾರು ಜಾಲಪುಟಗಳನ್ನು ತಡೆಹಿಡಿಯಲಾಯಿತು. ಆ ಪಟ್ಟಿಯಲ್ಲಿ ಕೆಲವು ಪತ್ರಕರ್ತರ ಟ್ವಿಟರ್ ಖಾತೆಗಳೂ ಸೇರಿದ್ದವು.

ಅದೇ ತಿಂಗಳುಗಳಲ್ಲಿ ಮ್ಯಾನ್ಮಾರಿನ ಹತ್ಯಾಕಾಂಡದ್ದೆಂದು ಒಂದು ಚಿತ್ರ ಉಪಖಂಡದಾದ್ಯಂತ ಸಂಚರಿಸುತ್ತಿತ್ತು. ಶವಗಳ ರಾಶಿಯ ನಡುವೆ ನಿಂತ ಬೌದ್ಧ ಭಿಕ್ಷುಗಳ ಚಿತ್ರವದು. ವಾಸ್ತವದಲ್ಲಿ ಅದು ೨೦೧೦ರ ಏಪ್ರಿಲ್‌ನಲ್ಲಿ ಚೀನಾದ ಯುಷು ಪ್ರದೇಶದಲ್ಲಿ ಸಂಭವಿಸಿದ ಭೂಕಂಪದಲ್ಲಿ ಮಡಿದವರ ಅಂತ್ಯಕ್ರಿಯೆಗೆ ಟಿಬೆಟಿನ ಭಿಕ್ಷುಗಳು ನೆರವಾಗುತ್ತಿದ್ದ ದೃಶ್ಯ. ಕರುಣೆಯ ಚಿತ್ರ ಕ್ರೌರ್ಯದ ಚಿತ್ರವಾಗಿ ಓದಿಸಿಕೊಂಡಿತು. ಪಠ್ಯ ಬದಲಾಗಲಿಲ್ಲ, ಸಂದರ್ಭ ಬದಲಾಯಿತು. ಜನಪದ ಪಠ್ಯವನ್ನು ಸಂದರ್ಭದಿಂದ ಬೇರ್ಪಡಿಸಿ ಅರ್ಥೈಸಲಾಗದು ಎಂದು ಅಲನ್ ಡಂಡೆಸ್ ೧೯೬೪ರಷ್ಟು ಹಿಂದೆಯೇ ವಾದಿಸಿದ್ದರು. ಆ ವಾದ ಇಲ್ಲಿ ತರಗತಿಯ ಹೊರಗೆ ಸಾಬೀತಾಗಿದೆ.

೨೦೧೨ರ ಪ್ರಸಂಗದಲ್ಲಿ ಪತ್ರಕರ್ತರ ಮುಂದಿದ್ದ ಸಂದಿಗ್ಧ ಮಾತ್ರ ಸುಲಭವಾದುದಾಗಿರಲಿಲ್ಲ. ದಾಳಿಯಾಗಲಿದೆ ಎಂಬುದು ವದಂತಿ. ಜನರು ಊರು ಬಿಡುತ್ತಿದ್ದಾರೆ ಎಂಬುದು ಸತ್ಯಸಂಗತಿ. ಎರಡನೆಯದನ್ನು ತೋರಿಸದೆ ಇರಲಾಗದು. ತೋರಿಸಿದಾಗ ತುಂಬಿ ತುಳುಕುವ ನಿಲ್ದಾಣದ ಆ ದೃಶ್ಯವೇ ಮೊದಲನೆಯದಕ್ಕೆ ಪುರಾವೆಯಾಯಿತು. ಅಸ್ಸಾಮಿನ ಮನೆಗಳಲ್ಲಿ ಟಿ.ವಿ. ನೋಡಿದ ತಂದೆತಾಯಿಗಳು ಮಕ್ಕಳಿಗೆ ಫೋನು ಮಾಡಿ ಮರಳಿ ಬರುವಂತೆ ಒತ್ತಾಯಿಸಿದರು. ಸುಳ್ಳನ್ನು ಹೇಳದೆಯೂ ಮಾಧ್ಯಮ ವದಂತಿಯ ವಾಹಕವಾಗಬಲ್ಲದೆಂಬುದನ್ನು ಈ ಪ್ರಸಂಗ ತೋರಿಸುತ್ತದೆ. ಹೊರಡುತ್ತಿರುವವರ ದೃಶ್ಯದ ಜೊತೆಗೆ, ದಾಳಿಯ ದೂರುಗಳು ನಿಜಕ್ಕೂ ಎಷ್ಟು, ಹೊರಡದೆ ಉಳಿದವರು ಯಾರು, ಸಂದೇಶವನ್ನು ಅವರಿಗೆ ಮೊದಲು ಕಳುಹಿಸಿದವರು ಯಾರು ಎಂಬುದನ್ನೂ ಅದೇ ತೂಕದಲ್ಲಿ ಹೇಳಿದಾಗ ಮಾತ್ರ ಅಂಥ ವರದಿ ಪೂರ್ಣವಾಗುತ್ತದೆ.

ಮಕ್ಕಳ ಕಳ್ಳರು, ೨೦೧೮

ಅಪರಿಚಿತನೊಬ್ಬ ಬಂದು ಮಕ್ಕಳನ್ನು ಕದ್ದೊಯ್ಯುತ್ತಾನೆ ಎಂಬ ಭಯ ಜಗತ್ತಿನ ಎಲ್ಲೆಡೆ ಇರುವಂಥದು. ಭಾರತದಲ್ಲಿ ಅದು ಹಲವು ಬಾರಿ ನಿರ್ಮಾಣಬಲಿಯ ಆಶಯದೊಂದಿಗೆ ಕೂಡಿಕೊಂಡಿದೆ. ಸೇತುವೆ ನಿಲ್ಲಬೇಕಾದರೆ ನರಬಲಿ ಬೇಕೆಂಬ ನಂಬಿಕೆಗೆ ಸ್ಟಿತ್ ಥಾಂಪ್ಸನ್ನರ ಆಶಯ ಸೂಚಿಯಲ್ಲಿ ಪ್ರತ್ಯೇಕ ಸಂಖ್ಯೆಯೇ ಇದೆ. ಕನ್ನಡದ ‘ಕೆರೆಗೆ ಹಾರ’ ಕಥನಗೀತೆಯ ಭಾಗೀರಥಿ ಇದೇ ಆಶಯದ ದುರಂತ ರೂಪ. ಬ್ರಿಟಿಷರ ಕಾಲದಲ್ಲಿ ದೊಡ್ಡ ಸೇತುವೆಗಳು ಏಳುವಾಗ ಇಂಥ ಭಯ ಜನರನ್ನು ಕಾಡಿತ್ತು. ೨೦೧೮ರಲ್ಲಿ ಬಲಿಯ ಜಾಗಕ್ಕೆ ಅಂಗಾಂಗಗಳ ಮಾರಾಟ ಬಂದು ಸೇರಿತು. ಕಥೆಯ ಎಲುಬು ಹಳೆಯದೇ ಆಗಿತ್ತು.

ಆ ಭಯಕ್ಕೆ ಪುರಾವೆಯಾಗಿ ಹರಿದಾಡಿದ ವಿಡಿಯೊ ಕರಾಚಿಯದು. ಮಕ್ಕಳ ಸುರಕ್ಷತೆಯ ಬಗ್ಗೆ ಅರಿವು ಮೂಡಿಸಲು ಅಲ್ಲಿನ ಸಂಸ್ಥೆಯೊಂದು ಸಿದ್ಧಪಡಿಸಿದ್ದ ಕಿರುಚಿತ್ರದಲ್ಲಿ ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗಿ, ಮರುಕ್ಷಣ ಹಿಂತಿರುಗಿ ಮಗುವನ್ನು ಬಿಟ್ಟು ಎಚ್ಚರಿಕೆಯ ಫಲಕವನ್ನು ತೋರಿಸುತ್ತಾರೆ. ಭಾರತದಲ್ಲಿ ಹರಡಿದ ಪ್ರತಿಯಲ್ಲಿ ಆ ಕೊನೆಯ ಭಾಗವೇ ಇರಲಿಲ್ಲ. ವಿವರ ಸವೆದು ಉಳಿದದ್ದು ಮೊನಚಾಗುವ ಕ್ರಿಯೆಗೆ ಇದಕ್ಕಿಂತ ಭೀಕರ ಉದಾಹರಣೆ ಬೇಕಿಲ್ಲ. ೨೦೧೮ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಜುಲೈ ೧೩ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಯುವ ತಂತ್ರಜ್ಞರೊಬ್ಬರು ಪ್ರಾಣ ಕಳೆದುಕೊಂಡರು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದು ಸಂಶಯಕ್ಕೆ ಕಾರಣವಾಗಿ, ಅವರ ಕಾರಿಗಿಂತ ಮೊದಲೇ ವಾಟ್ಸ್‌ಆ್ಯಪ್ ಸಂದೇಶ ಮುಂದಿನ ಊರನ್ನು ತಲುಪಿತ್ತು. ಐತಿಹ್ಯವನ್ನು ಜನರು ಬರಿದೆ ಹೇಳದೆ ಕ್ರಿಯೆಯಲ್ಲೇ ನಡೆಸಿಬಿಡುವುದನ್ನು ಲಿಂಡಾ ಡೇಗ್ ಮತ್ತು ಆಂಡ್ರ್ಯೂ ವಾಜೋನಿ ೧೯೮೩ರಲ್ಲಿ ಚರ್ಚಿಸಿದ್ದರು. ಇಲ್ಲಿ ನಡೆದದ್ದು ಅದೇ.

ಜಾನಪದ ವಿದ್ವಾಂಸರನ್ನು ವಿಶೇಷವಾಗಿ ಕಲಕಬೇಕಾದ ಪ್ರಸಂಗ ನೆರೆಯ ಮಹಾರಾಷ್ಟ್ರದ್ದು. ೨೦೧೮ರ ಜುಲೈ ೧ರಂದು ಧುಳೆ ಜಿಲ್ಲೆಯ ರಾಯಿನಪಾಡಾದಲ್ಲಿ ಸಂತೆಯ ದಿನ ಐವರನ್ನು ಕೊಲ್ಲಲಾಯಿತು. ಅವರು ಸೋಲಾಪುರ ಜಿಲ್ಲೆಯಿಂದ ಬಂದಿದ್ದ ನಾಥಪಂಥೀಯ ಗೋಸಾವಿ ಅಲೆಮಾರಿಗಳು, ಭಿಕ್ಷಾಟನೆಯೇ ವೃತ್ತಿಯಾದವರು. ಕರ್ನಾಟಕದ ಹೆಳವರು, ಬುಡಬುಡಿಕೆಯವರು, ಸುಡುಗಾಡು ಸಿದ್ಧರು, ಕೊರವಂಜಿಯರು, ಜೋಗಿಗಳು ಬದುಕುವುದೂ ಹೀಗೆಯೇ. ಅಪರಿಚಿತ ಊರಿಗೆ ಅಪರಿಚಿತರಾಗಿ ಹೋಗುವುದು ಅವರ ವೃತ್ತಿಯ ಮೊದಲ ಹೆಜ್ಜೆ. ಶತಮಾನಗಳ ಕಾಲ ಸುದ್ದಿಯನ್ನೂ ಕಥೆಯನ್ನೂ ಊರಿಂದ ಊರಿಗೆ ಹೊತ್ತು ತಂದವರೇ ಈಗ ತಮಗಿಂತ ವೇಗವಾಗಿ ಊರು ಸೇರುವ ಕಥೆಯೊಂದಕ್ಕೆ ಬಲಿಯಾಗುತ್ತಿದ್ದಾರೆ. ಜೋಳಿಗೆ, ವೇಷ, ಬೇರೆ ನುಡಿ ಎಂಬಿವು ಹಿಂದೆ ಅವರ ಗುರುತಿನ ಚೀಟಿಗಳಾಗಿದ್ದವು. ಇಂದು ಅವೇ ಅವರ ಮೇಲಿನ ಆರೋಪಪಟ್ಟಿಯಾಗಿವೆ. ಸುದ್ದಿಪತ್ರಿಕೆಯ ಡೆಸ್ಕಿನಲ್ಲಿ ‘ಮಕ್ಕಳ ಕಳ್ಳರ ಹಾವಳಿ?’ ಎಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಶೀರ್ಷಿಕೆ ಕೊಡುವ ಉಪಸಂಪಾದಕ ಆ ಚಿಹ್ನೆ ತನ್ನನ್ನು ಕಾಪಾಡುತ್ತದೆಂದು ಭಾವಿಸಬಹುದು. ಅದು ಅಲೆಮಾರಿಯನ್ನು ಕಾಪಾಡುವುದಿಲ್ಲ.

ಸುಪ್ರೀಂ ಕೋರ್ಟ್ ಗುಂಪುಹತ್ಯೆಯ ವಿರುದ್ಧ ಮಾರ್ಗಸೂಚಿ ನೀಡಿದ್ದು ಅದೇ ತಿಂಗಳ ೧೭ರಂದು. ಇದೇ ಹೊತ್ತಿಗೆ ವಾಟ್ಸ್‌ಆ್ಯಪ್ ರವಾನೆಯಾದ ಸಂದೇಶಗಳ ಮೇಲೆ ‘ಫಾರ್ವರ್ಡೆಡ್’ ಎಂಬ ಗುರುತನ್ನು ಹಾಕಲಾರಂಭಿಸಿತು. ಭಾರತದಲ್ಲಿ ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳುಹಿಸದಂತೆ ಮಿತಿ ಹೇರಿತು. ೨೦೨೦ರ ಏಪ್ರಿಲ್‌ನಲ್ಲಿ, ಹಲವು ಬಾರಿ ರವಾನೆಯಾದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸುವಂತೆ ಈ ಮಿತಿಯನ್ನು ಇನ್ನಷ್ಟು ಬಿಗಿಗೊಳಿಸಿತು. ಆ ಗುರುತು ಯಂತ್ರವು ಸೇರಿಸಿದ ‘ಅಂತೆ’ ಎನ್ನಬಹುದು. ಮಾತಿನಿಂದ ಬಿದ್ದುಹೋದ ಪ್ರತ್ಯಯವನ್ನು ಮರಳಿ ಅಂಟಿಸುವ ಪ್ರಯತ್ನವದು.

ಸುದ್ದಿಯ ಭಾಷೆ

ಯಂತ್ರವು ಮರಳಿ ಸೇರಿಸಿದ್ದನ್ನು ಸುದ್ದಿಯ ಭಾಷೆ ಮತ್ತೆ ಕಿತ್ತುಹಾಕುತ್ತಿದೆ. ‘ಎಂದು ತಿಳಿದುಬಂದಿದೆ’, ‘ಎನ್ನಲಾಗಿದೆ’, ‘ಎಂದು ಹೇಳಲಾಗುತ್ತಿದೆ’ ಎಂಬ ರೂಪಗಳು ಕನ್ನಡ ಪತ್ರಿಕಾಭಾಷೆಯಲ್ಲಿ ಬಹಳ ಹಿಂದಿನಿಂದಲೂ ಇವೆ. ಇವು ‘ಅಂತೆ’ಯ ಶಿಷ್ಟ ರೂಪಗಳೆಂದು ತೋರಿದರೂ ಎರಡರ ಕಾರ್ಯ ಭಿನ್ನ. ‘ಅಂತೆ’ ಎಂದವನು ತನಗೆ ನೇರ ಅರಿವಿಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಹಾಗಾಗಿ ‘ಯಾರು ಹೇಳಿದ್ದು?’ ಎಂದು ಕೇಳುಗ ತಕ್ಷಣ ಕೇಳಬಲ್ಲ. ‘ತಿಳಿದುಬಂದಿದೆ’ ಎಂಬಲ್ಲಿ ತಿಳಿದವರು ಯಾರು, ತಿಳಿಸಿದವರು ಯಾರು ಎಂಬ ಎರಡೂ ಸ್ಥಾನಗಳು ಖಾಲಿಯಿವೆ. ಆದರೆ ತಿಳಿವು ಮಾತ್ರ ದೃಢವಾಗಿ ಕುಳಿತಿದೆ. ಒಂದರಲ್ಲಿ ವಿನಯವಿದೆ, ಇನ್ನೊಂದರಲ್ಲಿ ಮರೆಯಿದೆ.

ಜಾಲತಾಣಗಳ ಕಾಲದಲ್ಲಿ ಈ ಸಾಲಿಗೆ ಇನ್ನೆರಡು ಸೇರಿವೆ. ಮೊದಲನೆಯದು ‘ವೈರಲ್ ಆಗಿದೆ’ ಎಂಬ ಪ್ರಯೋಗ. ಇದು ಸಂಗತಿ ನಿಜವೇ ಎಂಬ ಪ್ರಶ್ನೆಯನ್ನು ಬದಿಗೊತ್ತಿ, ಅದು ಹರಡಿದೆ ಎಂಬುದನ್ನೇ ಸುದ್ದಿಯಾಗಿಸುತ್ತದೆ. ಹರಡಿರುವುದು ನಿಜವೇ ಆದ್ದರಿಂದ ವರದಿ ತಾಂತ್ರಿಕವಾಗಿ ಸುಳ್ಳಲ್ಲ. ಓದುಗನ ಮನಸ್ಸಿನಲ್ಲಿ ಉಳಿಯುವುದು ಮಾತ್ರ ಸಂಗತಿಯೇ ಹೊರತು ಹರಡಿದ ಕ್ರಿಯೆಯಲ್ಲ. ಎರಡನೆಯದು ‘ನೆಟ್ಟಿಗರು’ ಎಂಬ ಕರ್ತೃಪದ. ‘ನೆಟ್ಟಿಗರ ಆಕ್ರೋಶ’, ‘ನೆಟ್ಟಿಗರ ಮೆಚ್ಚುಗೆ’ ಎಂಬ ಶೀರ್ಷಿಕೆಗಳ ಅಡಿಯಲ್ಲಿ ಉಲ್ಲೇಖವಾಗಿರುವವರು ಅನೇಕ ವೇಳೆ ಮೂರೋ ನಾಲ್ಕೋ ಖಾತೆಗಳು. ಅವುಗಳ ಹಿಂದಿರುವವರು ಎಲ್ಲಿಯವರು, ನಿಜವಾದ ವ್ಯಕ್ತಿಗಳೇ, ಕೂಲಿಗೆ ಬರೆಯುವವರೇ ಎಂಬುದು ತಿಳಿಯದು. ಹಿಂದಿನ ಜಾನಪದ ಸಂಗ್ರಹಗಳಲ್ಲಿ ‘ಜನಪದರು ಹೀಗೆ ಹಾಡುತ್ತಾರೆ’ ಎಂಬ ಒಂದೇ ಮಾತಿನಲ್ಲಿ ಹಾಡಿದವಳ ಹೆಸರು, ಜಾತಿ, ಊರು ಎಲ್ಲವೂ ಅಳಿದುಹೋಗುತ್ತಿತ್ತು. ಆ ಏಕಾಕಾರದ ‘ಜನಪದ’ ಒಂದು ಕಲ್ಪನೆಯೆಂದು ಮುಂದಿನ ತಲೆಮಾರಿನ ವಿದ್ವಾಂಸರು ಟೀಕಿಸಿದರು. ಜಾನಪದ ಕ್ಷೇತ್ರ ಕಷ್ಟಪಟ್ಟು ಬಿಟ್ಟುಬಂದ ಆ ದೋಷ ಈಗ ‘ನೆಟ್ಟಿಗರು’ ಎಂಬ ಹೆಸರಿನಲ್ಲಿ ಪತ್ರಿಕೆಯೊಳಗೆ ಪ್ರವೇಶಿಸಿದೆ.

ಕ್ಷೇತ್ರಕಾರ್ಯದ ಶಿಸ್ತು

ಪರಿಶೀಲನೆಯ ಕ್ರಮಗಳನ್ನು ರೂಪಿಸುವ ಪ್ರಯತ್ನ ಪತ್ರಿಕಾಲೋಕದಲ್ಲಿ ನಡೆದೇ ಇದೆ. ಸಾರ್ವಜನಿಕರು ಕಳುಹಿಸುವ ಸಾಮಗ್ರಿಯನ್ನು ಪರೀಕ್ಷಿಸಲು ಬಿಬಿಸಿ ೨೦೦೫ರಲ್ಲಿ ಪ್ರತ್ಯೇಕ ವಿಭಾಗವನ್ನು ತೆರೆಯಿತು. ೨೦೧೪ರಲ್ಲಿ ಕ್ರೇಗ್ ಸಿಲ್ವರ್‌ಮನ್ ಸಂಪಾದಿಸಿದ ಪರಿಶೀಲನಾ ಕೈಪಿಡಿ ಹೊರಬಂತು. ಭಾರತದಲ್ಲಿ ೨೦೧೭ರಲ್ಲಿ ಆರಂಭವಾದ ಆಲ್ಟ್ ನ್ಯೂಸ್ ಮೊದಲಾದ ಸಂಸ್ಥೆಗಳು ಸುಳ್ಳುಸುದ್ದಿಗಳ ಶೋಧವನ್ನೇ ವೃತ್ತಿಯಾಗಿಸಿಕೊಂಡಿವೆ. ಸಾಮಗ್ರಿ ಮೂಲವೇ ಅಥವಾ ಪ್ರತಿಯೇ, ಹಾಕಿದವರು ಯಾರು, ಯಾವಾಗ, ಎಲ್ಲಿ ಎಂಬವು ಈ ಪರಿಶೀಲಕರು ಕೇಳುವ ಪ್ರಶ್ನೆಗಳು. ಜಾನಪದ ಸಂಗ್ರಾಹಕನ ನಮೂನೆಯಲ್ಲಿ ವಕ್ತೃವಿನ ಹೆಸರು, ವಯಸ್ಸು, ಊರು, ಸಂಗ್ರಹಿಸಿದ ದಿನಾಂಕ, ಸ್ಥಳ, ಹಾಡಿದ ಸಂದರ್ಭ, ಯಾರಿಂದ ಕಲಿತದ್ದು ಎಂಬ ಅಂಕಣಗಳಿರುತ್ತವೆ. ಎರಡೂ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಒಂದು ಇನ್ನೊಂದರ ಪ್ರತಿಯೆಂಬಂತೆ ಕಾಣುತ್ತವೆ.

ಸಾಮ್ಯ ಇಲ್ಲಿಗೇ ನಿಲ್ಲುವುದಿಲ್ಲ. ಚಿತ್ರವೊಂದರ ಹಳೆಯ ಪ್ರತಿಗಳನ್ನು ಹುಡುಕುತ್ತ ಹೋಗಿ ಮೂಲವನ್ನು ಮುಟ್ಟುವ ಇಂದಿನ ತಂತ್ರ, ಭಿನ್ನಪಾಠಗಳನ್ನು ಕಲೆಹಾಕಿ ಕಥೆಯ ಮೂಲರೂಪವನ್ನೂ ಸಂಚಾರಮಾರ್ಗವನ್ನೂ ಗುರುತಿಸಿದ ಫಿನ್ಲೆಂಡಿನ ಚಾರಿತ್ರಿಕ-ಭೌಗೋಳಿಕ ವಿಧಾನದ ತಮ್ಮನಂತಿದೆ. ಕಾರ್ಲೆ ಕ್ರೋನ್, ಆಂಟಿ ಆರ್ನೆ ಅವರಂಥ ವಿದ್ವಾಂಸರು ಬೆಳೆಸಿದ ಆ ವಿಧಾನದ ಮಿತಿಯೂ ಇದಕ್ಕೆ ಬಂದಿದೆ. ಕಥೆ ಎಲ್ಲಿಂದ ಬಂತೆಂದು ಹೇಳಬಲ್ಲ ವಿಧಾನಕ್ಕೆ, ಈ ಊರಿನವರು ಇದನ್ನು ಏಕೆ ಉಳಿಸಿಕೊಂಡರೆಂದು ಹೇಳಲಾಗಲಿಲ್ಲ. ಹಾಗೆಯೇ ವಿಡಿಯೊ ಕರಾಚಿಯದೆಂದು ಸಾಬೀತುಪಡಿಸಿದ ಮೇಲೂ ಬೀದರಿನ ಹಳ್ಳಿಯೊಂದು ಅದನ್ನು ಏಕೆ ನಂಬಿತು ಎಂಬ ಪ್ರಶ್ನೆ ಉಳಿದೇ ಇರುತ್ತದೆ. ‘ಇದು ಸುಳ್ಳು’ ಎಂಬ ಮುದ್ರೆಯೊಂದಿಗೆ ಮುಗಿಯುವ ಸತ್ಯಶೋಧನೆ ಅರ್ಧ ಕೆಲಸ. ಆ ಊರಿನಲ್ಲಿ ಮಕ್ಕಳು ನಿಜಕ್ಕೂ ಕಾಣೆಯಾಗಿದ್ದರೇ, ದೂರು ಕೊಟ್ಟಾಗ ಠಾಣೆಯಲ್ಲಿ ಏನಾಯಿತು, ದುಡಿಯಲು ಹೋದ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು ಕೇಳಲು ಪರದೆಯ ಮುಂದೆ ಕುಳಿತವನಿಗೆ ಸಾಧ್ಯವಿಲ್ಲ. ಅದಕ್ಕೆ ಊರನ್ನು ಬಲ್ಲ ತಾಲ್ಲೂಕು ವರದಿಗಾರ ಬೇಕು. ಸಂದೇಶದ ಸಂಚಾರವನ್ನು ಅರಿಯಲು ಪತ್ರಕರ್ತರು ನೆಚ್ಚಿದ್ದ ಕ್ರೌಡ್‌ಟ್ಯಾಂಗಲ್ ಎಂಬ ಉಪಕರಣವನ್ನು ಮೆಟಾ ಕಂಪನಿ ೨೦೨೪ರ ಆಗಸ್ಟ್‌ನಲ್ಲಿ ಮುಚ್ಚಿತು. ಕಂಪನಿಗಳು ಕೊಟ್ಟ ಉಪಕರಣವನ್ನು ಕಂಪನಿಗಳು ಕಿತ್ತುಕೊಳ್ಳಬಲ್ಲವು. ಊರಿನಲ್ಲಿ ಗಳಿಸಿದ ವಿಶ್ವಾಸವನ್ನು ಹಾಗೆ ಕಿತ್ತುಕೊಳ್ಳಲಾಗದು.

ಕೊನೆಯದಾಗಿ ವಕ್ತೃವಿನ ಹಕ್ಕಿನ ಪ್ರಶ್ನೆಯೊಂದಿದೆ. ಹಾಡಿದವಳ ಒಪ್ಪಿಗೆಯಿಲ್ಲದೆ ಹಾಡನ್ನು ಧ್ವನಿಮುದ್ರಿಸುವುದು, ಹೆಸರಿಲ್ಲದೆ ಪ್ರಕಟಿಸುವುದು ಇಂದು ಜಾನಪದ ಕ್ಷೇತ್ರದಲ್ಲಿ ಒಪ್ಪಿತವಲ್ಲ. ಸಾಮಾನ್ಯ ವ್ಯಕ್ತಿಯೊಬ್ಬರು ಬಂಧುಗಳಿಗೆಂದು ಹಾಕಿಕೊಂಡ ಚಿತ್ರವನ್ನು, ದುಃಖದಲ್ಲಿ ಬರೆದ ನಾಲ್ಕು ಸಾಲನ್ನು, ಕೇಳದೆಯೇ ಸ್ಕ್ರೀನ್‌ಶಾಟ್ ತೆಗೆದು ಮುಖಪುಟಕ್ಕೆ ತರುವ ಪರಿಪಾಠ ಮಾಧ್ಯಮದಲ್ಲಿ ಇನ್ನೂ ಇದೆ. ಎಲ್ಲರಿಗೂ ಕಾಣುವಂತಿರುವುದಕ್ಕೂ ಎಲ್ಲರಿಗೂ ಕೊಟ್ಟದ್ದಕ್ಕೂ ಅಂತರವಿದೆ. ಅಂಗಳದಲ್ಲಿ ಹಾಡಿದ ಹಾಡು ದಾರಿಹೋಕನ ಕಿವಿಗೆ ಬಿದ್ದ ಮಾತ್ರಕ್ಕೆ ಅದು ಅವನ ಸೊತ್ತಾಗುವುದಿಲ್ಲ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಸಾಮಾಜಿಕ ಜಾಲತಾಣದ ಸಾಮಗ್ರಿ ಗುಣಲಕ್ಷಣದಲ್ಲಿ ಮೌಖಿಕ ಪರಂಪರೆಗೆ ಹತ್ತಿರವಾದುದು. ಅದನ್ನು ಪತ್ರಕರ್ತ ದಾಖಲೆಯೆಂದು ಭಾವಿಸದೆ ಒಂದು ಪಾಠವೆಂದು ಭಾವಿಸಿ, ವಕ್ತೃ ಮತ್ತು ಸಂದರ್ಭಗಳನ್ನು ಹುಡುಕಬೇಕಾಗಿದೆ. ಮೂಲವನ್ನು ಪತ್ತೆ ಮಾಡುವುದು ಪರಿಶೀಲನೆಯ ಆರಂಭ. ನಂಬಿದವರ ಕಾರಣಗಳನ್ನು ವರದಿ ಮಾಡುವುದು ಅದರ ಪೂರ್ಣತೆ. ಪರಿಶೀಲನೆ ಮುಗಿಯುವವರೆಗೆ ಭಾಷೆಯಲ್ಲಿ ಆ ಅಪೂರ್ಣತೆಯನ್ನು ಮುಚ್ಚಿಡದೆ ತೋರಿಸಬೇಕು. ಇಂಥ ಎಚ್ಚರದ ಬಗ್ಗೆ ಪತ್ರಿಕೋದ್ಯಮ ವಿಭಾಗಗಳಲ್ಲಿ ಪಾಠ ಮಾಡುವಾಗ ಹೊರಗಿನ ಕೈಪಿಡಿಗಳ ಜೊತೆಗೆ ಕನ್ನಡದ ಜಾನಪದ ಕ್ಷೇತ್ರಕಾರ್ಯದ ಅನುಭವವನ್ನೂ ಬಳಸಿಕೊಳ್ಳುವುದು ಉಪಯುಕ್ತ. ಕಥೆ ಹೇಳುವ ಅಜ್ಜಿ ರಾಜನ ವಿಷಯದಲ್ಲಿ ಪಾಲಿಸುವ ನಿಯಮವನ್ನು ವರದಿಗಾರ ಬದುಕಿರುವ ಮನುಷ್ಯರ ವಿಷಯದಲ್ಲಿ ಪಾಲಿಸದಿದ್ದರೆ, ಆ ಲೋಪದ ಬೆಲೆಯನ್ನು ತೆರುವವನು ವರದಿಗಾರನಲ್ಲ. ಯಾವುದೋ ಊರಿನ ಸಂತೆಗೆ ಜೋಳಿಗೆ ಹಿಡಿದು ಬಂದ ಅಪರಿಚಿತನು ಅದನ್ನು ತೆರುತ್ತಾನೆ.